ಕಾವುಪೆಟ್ಟಿಗೆಯ ತೇವ: ಮನೆಯಲ್ಲಿ ಕೋಳಿಮರಿ ಮಾಡಿಸುವವರಿಗೆ ಕೆಲವು ಮಾತುಗಳು

(ಭೋಸರಿಯ ಕನ್ನಡಿಗರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಭೋಸರಿಯೆಂದರೆ ಲೇತುಗಳ, ಎರಕದ ಕುಲುಮೆಗಳ, ಯಂತ್ರದ ಬಿಡಿಭಾಗಗಳ ಊರು. ಇಂತಹ ಕಡೆ ಕೋಳಿಮೊಟ್ಟೆಯ ಕಾವಿನ ವಿಷಯವೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ವಿಜಯಪುರ, ಕಲಬುರಗಿ, ಬೀದರ್ ಕಡೆಗಳಿಂದ ದುಡಿಮೆಗಾಗಿ ಬಂದು ನೆಲೆಸಿದವರಲ್ಲಿ ಜವಾರಿ ಕೋಳಿಯ ಮೇಲಿನ ಮಮತೆ ಹಾಗೆಯೇ ಉಳಿದಿದೆ. ಊರಿಗೆ ಹೋದವರು ಹತ್ತು ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುದುಗಿಸಿ ರಾತ್ರಿ ಬಸ್ಸಿನಲ್ಲಿ ತರುತ್ತಾರೆ. ಕಾವಿಗೆ ಕೂರುವ ಕೋಳಿ ಇಲ್ಲಿಲ್ಲ. ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು, ಥರ್ಮೋಸ್ಟಾಟ್, ಚಿಕ್ಕ ಫ್ಯಾನು ಜೋಡಿಸಿದರೆ ಕಾವುಪೆಟ್ಟಿಗೆ ಸಿದ್ಧ. ಯಂತ್ರ ಬಲ್ಲ ಕೈಗಳಿಗೆ ಅದು ಕಷ್ಟದ ಕೆಲಸವೇನೂ ಅಲ್ಲ.

1971ರಲ್ಲಿ ಬಿ.ವಿ. ರಾವ್ ಅವರು ಸ್ಥಾಪಿಸಿದ ವೆಂಕಟೇಶ್ವರ ಹ್ಯಾಚರೀಸ್ ಸಂಸ್ಥೆಯು ಪುಣೆಯನ್ನೇ ಕೇಂದ್ರವಾಗಿರಿಸಿಕೊಂಡಿದೆ. ಕೋಳಿ ಉದ್ಯಮದ ದೊಡ್ಡ ಮರಿಕೇಂದ್ರಗಳಲ್ಲಿ ಯಂತ್ರಗಳೇ ಗಾಳಿಯ ತೇವವನ್ನು ಅಳೆದು ಸರಿಪಡಿಸಿಕೊಳ್ಳುತ್ತವೆ. ಮನೆಯ ಪೆಟ್ಟಿಗೆಗೆ ಆ ಅನುಕೂಲವಿಲ್ಲ. ಉಷ್ಣಾಂಶವನ್ನು 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಲು ಎಲ್ಲರೂ ಶ್ರಮಿಸುತ್ತಾರೆ. ತೇವಕ್ಕೆ ಒಂದು ಬಟ್ಟಲು ನೀರಿಟ್ಟು ಸುಮ್ಮನಾಗುತ್ತಾರೆ. ಇಪ್ಪತ್ತೊಂದನೆಯ ದಿನ ಒಡೆಯದೆ ಉಳಿದ ಮೊಟ್ಟೆಯನ್ನು ಬಿಡಿಸಿ ನೋಡಿದರೆ, ಪುಕ್ಕ, ಕೊಕ್ಕು, ಉಗುರು ಎಲ್ಲವೂ ಮೂಡಿದ ಪೂರ್ಣ ಮರಿಯು ಒಳಗೇ ಸತ್ತಿರುತ್ತದೆ. ಹೀಗಾಗಲು ಬೇರೆ ಕಾರಣಗಳೂ ಉಂಟು. ಆದರೆ ಮನೆಯ ಪೆಟ್ಟಿಗೆಗಳಲ್ಲಿ ತೇವದ ಹೆಚ್ಚುಕಡಿಮೆಯನ್ನೇ ಮೊದಲು ಶಂಕಿಸಬೇಕು.

ಮೊಟ್ಟೆಯ ಚಿಪ್ಪು ಮುಚ್ಚಿದ ಗೋಡೆಯಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಆಮ್ಲಜನಕ ಒಳಬರುತ್ತದೆ, ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತದೆ, ಅದರೊಡನೆ ನೀರಾವಿಯೂ ಹೋಗುತ್ತದೆ. ಹೀಗೆ ನೀರು ಆರಿದಷ್ಟೂ ಮೊಟ್ಟೆಯ ದಪ್ಪ ತುದಿಯಲ್ಲಿರುವ ವಾಯುಕೋಶ ಹಿಗ್ಗುತ್ತದೆ. ಮರಿಯು ಚಿಪ್ಪನ್ನು ಒಡೆಯುವ ಮೊದಲು ಒಳಪೊರೆಯನ್ನು ಕೊಕ್ಕಿನಿಂದ ಸೀಳಿ ಈ ಕೋಶದ ಗಾಳಿಯಿಂದಲೇ ಶ್ವಾಸಕೋಶದ ಮೊದಲ ಉಸಿರನ್ನು ಎಳೆದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ತೇವ ಅತಿಯಾಗಿದ್ದರೆ ನೀರು ಆರುವುದಿಲ್ಲ, ವಾಯುಕೋಶ ಕಿರಿದಾಗಿ ಉಳಿಯುತ್ತದೆ. ಉಸಿರೆಳೆಯುವ ಹೊತ್ತಿಗೆ ಮರಿ ದ್ರವದಲ್ಲೇ ಮುಳುಗಬಹುದು. ತೇವ ತೀರ ಕಡಿಮೆಯಿದ್ದರೆ ಪೊರೆಗಳು ಒಣಗಿ ಮೈಗೆ ಅಂಟಿಕೊಂಡು, ಮರಿಗೆ ಹೊರಳಲು ಆಗುವುದಿಲ್ಲ. ಆದ್ದರಿಂದ ಮೊದಲ ಹದಿನೆಂಟು ದಿನಗಳಲ್ಲಿ ಮೊಟ್ಟೆಯು ತನ್ನ ತೂಕದ ಶೇಕಡಾ 12ರಷ್ಟನ್ನು, ಒಂದೆರಡು ಹೆಚ್ಚುಕಡಿಮೆಯಾಗಿ, ಕಳೆದುಕೊಳ್ಳುವುದು ಅವಶ್ಯಕ. ಸಾಮಾನ್ಯವಾಗಿ ಸಾಪೇಕ್ಷ ಆರ್ದ್ರತೆಯು ಶೇಕಡಾ 50ರಿಂದ 55ರಷ್ಟಿದ್ದರೆ ಇದು ಸಾಧ್ಯ. ಕೊನೆಯ ಮೂರು ದಿನಗಳಲ್ಲಿ ಅದನ್ನು 65ರಿಂದ 70ಕ್ಕೆ ಏರಿಸಬೇಕು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸುವುದು ಅಗತ್ಯ. ಹೊರಗೆ ಮಳೆ ಸುರಿಯುತ್ತಿದ್ದರೆ ಪೆಟ್ಟಿಗೆಯೊಳಗೂ ತೇವ ಸಾಕಷ್ಟಿದೆ ಎಂದು ಹಲವರು ಭಾವಿಸುತ್ತಾರೆ. ಗಾಳಿ ಬಿಸಿಯಾದಷ್ಟೂ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಹೆಚ್ಚುತ್ತದೆ. ಇದ್ದ ಆವಿ ಅಷ್ಟೇ ಇದ್ದರೂ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಶ್ರಾವಣದ ಒಂದು ದಿನ ಹೊರಗೆ 25 ಡಿಗ್ರಿ ಉಷ್ಣಾಂಶ, ಶೇಕಡಾ 80 ಆರ್ದ್ರತೆ ಇದೆಯೆನ್ನಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾದಾಗ ಆರ್ದ್ರತೆ ಸುಮಾರು 39ಕ್ಕೆ ಕುಸಿಯುತ್ತದೆ. ಡಿಸೆಂಬರಿನ ಇಬ್ಬನಿಯ ಮುಂಜಾನೆಯಂತೂ ಇನ್ನೂ ಮೋಸಗೊಳಿಸುವಂಥದು. 12 ಡಿಗ್ರಿಯ, ಶೇಕಡಾ 80 ಆರ್ದ್ರತೆಯ ಗಾಳಿ ಪೆಟ್ಟಿಗೆಯಲ್ಲಿ ಕಾದರೆ ಉಳಿಯುವುದು ಕೇವಲ 17ರಷ್ಟು. ಏಪ್ರಿಲ್‌ನ ಮಧ್ಯಾಹ್ನ ಹೊರಗಿನ ಗಾಳಿಯೇ 38 ಡಿಗ್ರಿ ಮುಟ್ಟಿ ಒಣಗಿರುವಾಗ ಪೆಟ್ಟಿಗೆಯೊಳಗೂ ಅದೇ ಒಣಹವೆ. ಅಂದರೆ ಮೈಗೆ ತಂಪಾಗಿ ತೋರುವ ಚಳಿಗಾಲವು ಮೊಟ್ಟೆಗಳ ಪಾಲಿಗೆ ಬೇಸಿಗೆಯಷ್ಟೇ ಒಣಕಾಲ. ಮಳೆಗಾಲಕ್ಕೆ ಸಾಕಾದ ಬಟ್ಟಲು ಚಳಿಗಾಲಕ್ಕೆ ಸಾಲದು.

ಹಾಗಾದರೆ ತೇವವನ್ನು ಅಳೆಯುವುದು ಹೇಗೆ? ಪ್ರಾಚೀನ ಈಜಿಪ್ಟಿನ ಕಾವುಗೂಡುಗಳಲ್ಲಿ ಕೆಲಸಗಾರರು ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿ ಬಿಸಿಯನ್ನು ಅರಿಯುತ್ತಿದ್ದರಂತೆ. ತೇವವನ್ನು ಅರಿಯುವ ಅಂತಹ ಇಂದ್ರಿಯ ನಮಗಿಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಆರ್ದ್ರತಾಮಾಪಕವನ್ನು ಪರೀಕ್ಷಿಸದೆ ನಂಬಬಾರದು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಹಾಕಿ, ಪೂರ್ತಿ ಕರಗದಂತೆ, ಹಸಿ ಮರಳಿನ ಹದಕ್ಕೆ ಬರುವಷ್ಟೇ ನೀರು ಬೆರೆಸಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದು 75 ತೋರಿಸಬೇಕು. 68 ತೋರಿಸಿದರೆ, ಮುಂದೆ ಅದು ಹೇಳಿದ್ದಕ್ಕೆ 7 ಕೂಡಿಸಿಕೊಳ್ಳಿ. ಮಾಪಕವಿಲ್ಲದವರು ಇನ್ನೊಂದು ಉಷ್ಣಮಾಪಕದ ಬುಡಕ್ಕೆ ಹತ್ತಿಯ ಬತ್ತಿ ಸುತ್ತಿ, ಅದರ ತುದಿಯನ್ನು ನೀರಿನಲ್ಲಿ ಅದ್ದಿ ಫ್ಯಾನಿನ ಗಾಳಿಗೆ ಇಡಬಹುದು. ಒಣ ಮಾಪಕ 37.5 ತೋರಿಸುವಾಗ ಒದ್ದೆ ಮಾಪಕ 29 ತೋರಿಸಿದರೆ ಆರ್ದ್ರತೆ ಸುಮಾರು 53. 32 ತೋರಿಸಿದರೆ ಸುಮಾರು 68. ಬತ್ತಿಗೆ ನಲ್ಲಿಯ ನೀರು ಬೇಡ, ಲವಣ ಕಟ್ಟಿಕೊಂಡು ಬತ್ತಿ ನೀರು ಹೀರುವುದು ನಿಲ್ಲುತ್ತದೆ. ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಉತ್ತಮ.

ಇಷ್ಟಾಗಿಯೂ ಎಲ್ಲ ಮಾಪಕಗಳಿಗಿಂತ ನಂಬಿಗಸ್ತವಾದುದು ತಕ್ಕಡಿ. ಗಾಳಿಯಲ್ಲಿ ಎಷ್ಟು ತೇವವಿದೆ ಎಂಬುದಕ್ಕಿಂತ ಮೊಟ್ಟೆ ಎಷ್ಟು ನೀರನ್ನು ಕಳೆದುಕೊಂಡಿತು ಎಂಬುದೇ ನಮಗೆ ಬೇಕಾದ ಲೆಕ್ಕ. ಚಿಪ್ಪಿನ ದಪ್ಪವೂ ರಂಧ್ರಗಳೂ ಕೋಳಿಯಿಂದ ಕೋಳಿಗೆ ಬೇರೆಯಾಗುವುದರಿಂದ ಪುಸ್ತಕದ ಅಂಕಿ ಎಲ್ಲ ಮೊಟ್ಟೆಗಳಿಗೂ ಒಪ್ಪುವುದಿಲ್ಲ. ತಲಾ 45 ಗ್ರಾಂ ತೂಗುವ ಹತ್ತು ಜವಾರಿ ಮೊಟ್ಟೆಗಳನ್ನು ಇಟ್ಟಿದ್ದೀರೆನ್ನಿ. ಒಟ್ಟು 450 ಗ್ರಾಂ. ಹದಿನೆಂಟು ದಿನಗಳಲ್ಲಿ ಶೇಕಡಾ 12ರಂತೆ 54 ಗ್ರಾಂ, ಅಂದರೆ ದಿನಕ್ಕೆ 3 ಗ್ರಾಂ ಇಳಿಯಬೇಕು. ಏಳನೆಯ ದಿನ ತೂಕ 429ರ ಆಸುಪಾಸಿನಲ್ಲಿದ್ದರೆ ಸರಿ. 438 ಇದ್ದರೆ ತೇವ ಹೆಚ್ಚಾಗಿದೆ, ನೀರನ್ನು ತಗ್ಗಿಸಿ. 420ಕ್ಕೆ ಇಳಿದಿದ್ದರೆ ಹೆಚ್ಚಿಸಿ. ಹದಿನಾಲ್ಕನೆಯ ದಿನ 408ರ ಸುಮಾರಿಗೆ ಬಂದಿರಬೇಕು. ಪ್ರತಿ ಮೊಟ್ಟೆಯ ಮೇಲೂ ಅದರ ಮೊದಲ ತೂಕವನ್ನು ಪೆನ್ಸಿಲಿನಿಂದ ಬರೆದಿಡಿ. ಏಳನೆಯ ದಿನ ಬೆಳಕಿಗೆ ಹಿಡಿದು ನೋಡಿ ಬಂಜೆ ಮೊಟ್ಟೆಗಳನ್ನು ತೆಗೆದಾಗ ಲೆಕ್ಕ ತಪ್ಪುವುದಿಲ್ಲ. ಅದೇ ಬೆಳಕಿನಲ್ಲಿ ವಾಯುಕೋಶದ ಅಂಚನ್ನೂ ಪೆನ್ಸಿಲಿನಿಂದ ಗುರುತಿಸಬಹುದು. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಗೇಜು ಹಿಡಿದು ಪತ್ತೆಹಚ್ಚುವ ತಮಗೆ ಈ ಲೆಕ್ಕವನ್ನು ನಾನು ಕಲಿಸಬೇಕಾಗಿಲ್ಲ.

ತೇವವನ್ನು ಏರಿಸಬೇಕಾದಾಗ ನೀರಿನ ಆಳವನ್ನಲ್ಲ, ನೀರಿನ ಹರವನ್ನು ಹೆಚ್ಚಿಸಿ. ಆಳವಾದ ಲೋಟಕ್ಕಿಂತ ಅಗಲವಾದ ತಟ್ಟೆ ಮೇಲು. ತಟ್ಟೆಯಲ್ಲಿ ಸ್ಪಂಜನ್ನೋ ಬಟ್ಟೆಯನ್ನೋ ನಿಲ್ಲಿಸಿದರೆ ಇನ್ನೂ ಹೆಚ್ಚು ಆವಿಯಾಗುತ್ತದೆ. ಉಗುರುಬೆಚ್ಚಗಿನ ನೀರನ್ನೇ ಹಾಕಿ. ಮೊಟ್ಟೆಗಳ ಮೇಲೆ ನೀರು ಚಿಮುಕಿಸುವುದನ್ನು ನಾನು ಒಪ್ಪುವುದಿಲ್ಲ. ಒದ್ದೆ ಚಿಪ್ಪಿನ ರಂಧ್ರಗಳಿಂದ ರೋಗಾಣುಗಳು ಸುಲಭವಾಗಿ ಒಳಹೊಗುತ್ತವೆ. ತೇವ ಉಳಿಯಲೆಂದು ಗಾಳಿಕಿಂಡಿಗಳನ್ನು ಮುಚ್ಚುವುದು ಇದಕ್ಕಿಂತ ದೊಡ್ಡ ಅನಾಹುತ. ಕೊನೆಯ ದಿನಗಳಲ್ಲಿ ಭ್ರೂಣಕ್ಕೆ ಆಮ್ಲಜನಕದ ಅಗತ್ಯ ಅತ್ಯಧಿಕ. ಕಿಂಡಿ ಮುಚ್ಚಿದರೆ ಅದು ಉಸಿರುಕಟ್ಟಿ ಸಾಯುತ್ತದೆ.

ಹದಿನೆಂಟನೆಯ ದಿನ ಮೊಟ್ಟೆಗಳನ್ನು ತಿರುಗಿಸುವುದನ್ನು ನಿಲ್ಲಿಸಿ, ತಟ್ಟೆಯನ್ನು ತುಂಬಿ, ಹುಟ್ಟಿದ ಮರಿಗಳು ಬೀಳದಂತೆ ಅದರ ಮೇಲೆ ಜಾಲರಿ ಹೊದಿಸಿ, ಮುಚ್ಚಳ ಹಾಕಿಬಿಡಿ. ನಿಜವಾದ ಪರೀಕ್ಷೆ ಆಮೇಲಿನದು, ಅದು ನಮ್ಮ ತಾಳ್ಮೆಯ ಪರೀಕ್ಷೆ. ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಹಿಡಿಯುವುದು ಸಹಜ. ಆ ಅವಧಿಯಲ್ಲಿ ರಕ್ತನಾಳಗಳು ಬತ್ತಿ, ಉಳಿದ ಹಳದಿ ಭಾಗ ಮರಿಯ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಮನೆಯ ಮಕ್ಕಳು ಕುತೂಹಲದಿಂದ, ಹಿರಿಯರು ಕನಿಕರದಿಂದ ಮುಚ್ಚಳ ತೆಗೆಯುತ್ತಾರೆ. ತೇವದ ಗಾಳಿ ಕ್ಷಣದಲ್ಲಿ ಹಾರಿಹೋಗಿ, ಅರ್ಧ ಒಡೆದ ಮೊಟ್ಟೆಯ ಪೊರೆ ಕಾಗದದಂತೆ ಒಣಗಿ ಮರಿಯನ್ನು ಬಿಗಿಯುತ್ತದೆ. ಸಹಾಯವೆಂದು ಚಿಪ್ಪು ಸುಲಿದರೆ ರಕ್ತಸ್ರಾವವೂ ಆಗಬಹುದು. ವಿದ್ಯುತ್ ಹೋದಾಗಲೂ ಮುಚ್ಚಳ ತೆಗೆಯದೆ, ಕಿಂಡಿಗಳನ್ನು ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿ. ಹುಟ್ಟಿದ ಮರಿಗಳನ್ನು ಮೈ ಒಣಗುವವರೆಗೆ ಒಳಗೇ ಬಿಡಿ. ಹೊಟ್ಟೆಯಲ್ಲಿರುವ ಹಳದಿಯ ಬಲದಿಂದ ಅವು ಒಂದು ದಿನ ನೀರು ಮೇವಿಲ್ಲದೆ ಇರಬಲ್ಲವು.

ಒಡೆಯದೆ ಉಳಿದ ಮೊಟ್ಟೆಗಳನ್ನು ಇಪ್ಪತ್ಮೂರನೆಯ ದಿನ ಬಯಲಿಗೆ ಒಯ್ದು ಬಿಡಿಸಿ ನೋಡಿ. ವಾಯುಕೋಶ ಕಿರಿದಾಗಿ, ಮರಿ ಊದಿಕೊಂಡು ದ್ರವದಲ್ಲಿದ್ದರೆ ತೇವ ಹೆಚ್ಚಾಗಿತ್ತು. ಕೋಶ ದೊಡ್ಡದಾಗಿ, ಪೊರೆ ಮೈಗಂಟಿ ಒಣಗಿದ್ದರೆ ಕಡಿಮೆಯಾಗಿತ್ತು. ಕಂಡದ್ದನ್ನು ತೂಕದ ಲೆಕ್ಕದ ಪಕ್ಕದಲ್ಲೇ, ತಿಂಗಳ ಹೆಸರಿನೊಡನೆ ಬರೆದಿಟ್ಟು, ಮೊಟ್ಟೆಗಳನ್ನು ಹೂತು, ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಪೆಟ್ಟಿಗೆಯನ್ನು ಸೋಂಕುನಾಶಕದಿಂದ ಒರೆಸಿ ಬಿಸಿಲಿಗಿಡಿ. ಮುಂದಿನ ಬಾರಿ ಅದೇ ಋತುವಿನಲ್ಲಿ ಮೊಟ್ಟೆ ಇಡುವಾಗ ತಟ್ಟೆಯ ಅಗಲವನ್ನು ಆ ಬರಹ ನೋಡಿಯೇ ನಿರ್ಧರಿಸಬಹುದು.