ಗುಂಡಿಗೆ ಸಿಗದ ಸುಳಿವು

ಭಯೋತ್ಪಾದಕರ ದಾಳಿ ನಡೆದ ಮರುದಿನ ಯಾವ ದೇಶದಲ್ಲಾದರೂ ಏಳುವ ಕೂಗು ಒಂದೇ: ಸೈನ್ಯ ನುಗ್ಗಲಿ, ತಕ್ಕ ಪಾಠ ಕಲಿಸಲಿ. ಆ ಕೂಗಿನ ಹಿಂದಿನ ನೋವು ಸುಳ್ಳಲ್ಲ. ತೊಡಕಿರುವುದು ಪಾಠ ಯಾರಿಗೆ ಎಂಬಲ್ಲಿ. ಸಮವಸ್ತ್ರ ತೊಟ್ಟು ಗಡಿಯಲ್ಲಿ ನಿಂತ ಶತ್ರುವನ್ನು ಸೈನ್ಯ ಗುರುತಿಸಬಲ್ಲದು. ಆದರೆ ಓಣಿಯಲ್ಲಿ ಓಡಾಡುವ ನೂರು ಜನರಲ್ಲಿ ರಾತ್ರಿ ಬಾಂಬು ಕಟ್ಟುವವನು ಯಾರೆಂದು ಅದಕ್ಕೆ ತಿಳಿಯದು. ತಿಳಿದಿದ್ದರೆ ಆ ಓಣಿಯವರಿಗೇ ತಿಳಿದಿರಬೇಕು. ಅವರು ಬಾಯಿ ಬಿಡದೆ ಕೆಲಸ ಸಾಗದು. ಪ್ರತೀಕಾರದ ಕಾರ್ಯಾಚರಣೆ ಮೊದಲು ಮುಚ್ಚಿಸುವುದು ಆ ಬಾಯನ್ನೇ.

ಉತ್ತರ ಐರ್ಲೆಂಡಿನಲ್ಲಿ ಇದು ನಡೆದ ಬಗೆಯನ್ನು ವರ್ಷ ವರ್ಷವಾಗಿ ನೋಡಬಹುದು. 1969ರ ಆಗಸ್ಟ್‌ನಲ್ಲಿ ಗಲಭೆ ಹತ್ತಿಕ್ಕಲು ಬ್ರಿಟಿಷ್ ಸೈನ್ಯ ಬೀದಿಗಿಳಿದಾಗ, ಮನೆ ಸುಟ್ಟುಹೋಗಿದ್ದ ಕ್ಯಾಥೊಲಿಕ್ ಕೇರಿಗಳ ಜನ ಸೈನಿಕರಿಗೆ ಚಹಾ ಕೊಟ್ಟು ಬರಮಾಡಿಕೊಂಡಿದ್ದರು. ಮರುವರ್ಷ ಜುಲೈಯಲ್ಲಿ ಅದೇ ಸೈನ್ಯ ಬೆಲ್‌ಫಾಸ್ಟಿನ ಫಾಲ್ಸ್ ಪ್ರದೇಶಕ್ಕೆ ಕರ್ಫ್ಯೂ ಹಾಕಿ ಮನೆ ಮನೆ ಜಾಲಾಡಿತು. ನೂರರಷ್ಟು ಬಂದೂಕುಗಳು ಸಿಕ್ಕವು, ನಾಲ್ವರು ನಾಗರಿಕರು ಸತ್ತರು. ಕಡತದ ಲೆಕ್ಕದಲ್ಲಿ ಅದು ಯಶಸ್ಸೇ ಇರಬೇಕು. 1971ರ ಆಗಸ್ಟ್ 9ರ ನಸುಕಿನಲ್ಲಿ ವಿಚಾರಣೆಯಿಲ್ಲದ ಬಂಧನ ಆರಂಭವಾಯಿತು. ಪೊಲೀಸರ ಹಳಸಲು ಪಟ್ಟಿ ಹಿಡಿದು 342 ಮಂದಿಯನ್ನು ಎಳೆದೊಯ್ದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ, ಕ್ಯಾಥೊಲಿಕ್ ಕೇರಿಗಳಲ್ಲಿ ಬೇರುಬಿಟ್ಟಿದ್ದ ಐಆರ್‌ಎಯ ಸಕ್ರಿಯ ಸದಸ್ಯರಲ್ಲಿ ಅನೇಕರು ಅಷ್ಟರಲ್ಲಾಗಲೇ ಜಾಗ ಖಾಲಿ ಮಾಡಿದ್ದರು. ಹಿಡಿದವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಎರಡೇ ದಿನದಲ್ಲಿ ಬಿಡಬೇಕಾಯಿತು. ಪ್ರಾಟೆಸ್ಟೆಂಟ್ ಉಗ್ರರೂ ಕೊಲೆ ಮಾಡಿದ್ದರು, ಅವರಲ್ಲೊಬ್ಬನನ್ನೂ ಅಂದು ಮುಟ್ಟಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗಾಯಿತು. ಆ ವರ್ಷ ಅಲ್ಲಿಯತನಕ ಸತ್ತವರು 30 ಚಿಲ್ಲರೆ. ಉಳಿದ ಐದು ತಿಂಗಳೊಳಗೆ 130ಕ್ಕೂ ಹೆಚ್ಚು. 1972ರ ಜನವರಿ 30ರಂದು ಡೆರ್ರಿಯಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ 13 ನಿರಾಯುಧರನ್ನು ಕೊಂದರು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಮೊದಲ ತನಿಖೆ ಸತ್ತವರ ಮೇಲೆಯೇ ಅನುಮಾನದ ನೆರಳು ಹಾಕಿತು. ಅವರು ನಿರಪರಾಧಿಗಳೆಂದು ಸರ್ಕಾರ ಒಪ್ಪಿ ಕ್ಷಮೆ ಕೇಳಿದ್ದು 2010ರಲ್ಲಿ. ಅಷ್ಟು ವರ್ಷ ಯಾರು ಕಾಯುತ್ತಾರೆ? ಐಆರ್‌ಎಗೆ ಸೇರುವ ಹುಡುಗರ ಸಂಖ್ಯೆ ಆ ತಿಂಗಳುಗಳಲ್ಲೇ ಏರಿತು. ಮೂರು ದಶಕಗಳ ಆ ಸಂಘರ್ಷದಲ್ಲಿ ಅತಿ ಹೆಚ್ಚು ಜನ ಸತ್ತದ್ದು 1972ರಲ್ಲಿ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ: ಸೈನ್ಯದ ಒತ್ತಡ ಇಲ್ಲದಿದ್ದರೆ ಐಆರ್‌ಎ ಮಾತುಕತೆಗೆ ಬರುತ್ತಿತ್ತೇ? ಒತ್ತಡ ಇತ್ತು, ನಿಜ. ಯಾವ ಬಗೆಯ ಒತ್ತಡ ಎಂಬುದನ್ನು ಮಾತ್ರ ನೋಡಬೇಕು. 1975ರ ಕೊನೆಗೆ ವಿಚಾರಣೆಯಿಲ್ಲದ ಬಂಧನವನ್ನು ಸರ್ಕಾರವೇ ಕೈಬಿಟ್ಟು ಪೊಲೀಸರನ್ನು ಮುಂದಕ್ಕೆ ತಂದಿತು. ಆಮೇಲಿನ ವರ್ಷಗಳಲ್ಲಿ ಐಆರ್‌ಎಯನ್ನು ಕಟ್ಟಿಹಾಕಿದ್ದರಲ್ಲಿ ಒಳಗಿಂದಲೇ ಸುದ್ದಿ ಕೊಡುತ್ತಿದ್ದ ಮಾಹಿತಿದಾರರ ಪಾಲು ದೊಡ್ಡದು. ಆ ಕೆಲಸವೂ ಕೊಳಕಿಲ್ಲದ್ದೇನಲ್ಲ. ಆದರೆ ಅದು ಒಂದು ಕೇರಿಯನ್ನೇ ಶಿಕ್ಷಿಸುವ ಕೆಲಸವಾಗಿರಲಿಲ್ಲ. ಜೊತೆಗೆ ಮತಪೆಟ್ಟಿಗೆಯ ದಾರಿಯೂ ತೆರೆದಿತ್ತು. 1998ರ ಶಾಂತಿ ಒಪ್ಪಂದಕ್ಕೆ ಅಲ್ಲಿನ ಜನಮತಗಣನೆಯಲ್ಲಿ ಶೇ. 71ರಷ್ಟು ಮತ ಬಿತ್ತು.

ಎರಡನೆಯ ಆಕ್ಷೇಪ ನಮಗೆ ಹತ್ತಿರದ್ದು. ಶ್ರೀಲಂಕಾದ ಸೈನ್ಯ 2009ರಲ್ಲಿ ಎಲ್‌ಟಿಟಿಇಯನ್ನು ನಿರ್ನಾಮ ಮಾಡಲಿಲ್ಲವೇ? ಮಾಡಿತು. ಆದರೆ ಎಲ್‌ಟಿಟಿಇ ಆ ಹೊತ್ತಿಗೆ ನೆಲ ಹಿಡಿದು ಆಳುತ್ತಿದ್ದ, ಸ್ವಂತ ನೌಕಾದಳ ಕಟ್ಟಿಕೊಂಡಿದ್ದ ಪಡೆ. ಅದಕ್ಕೆ ಗಡಿಯಿತ್ತು, ಗುರಿಯಿಡಲು ಶಿಬಿರಗಳಿದ್ದವು. ಓಣಿಯಲ್ಲಿ ಬೆರೆತುಹೋದ ಗುಂಪಿಗೆ ಅವು ಇರುವುದಿಲ್ಲ. ಆ ಗೆಲುವಿನ ಬೆಲೆಯೂ ಸಣ್ಣದಲ್ಲ: ಕೊನೆಯ ತಿಂಗಳುಗಳಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಈ ಎರಡು ದೇಶಗಳಾಚೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಅಮೆರಿಕದ ರ‍್ಯಾಂಡ್ ಸಂಸ್ಥೆ, ಅದೇನೂ ಶಾಂತಿವಾದಿಗಳ ಕೂಟವಲ್ಲ, ಆ ದೇಶದ ವಾಯುಪಡೆಗಾಗಿಯೇ ಹುಟ್ಟಿದ್ದು, 1968ರಿಂದ 2006ರವರೆಗಿನ 648 ಭಯೋತ್ಪಾದಕ ಗುಂಪುಗಳನ್ನು ಪರಿಶೀಲಿಸಿತು. ಕೊನೆಗೊಂಡ ಗುಂಪುಗಳಲ್ಲಿ ಶೇ. 43 ರಾಜಕೀಯಕ್ಕೆ ಹೊರಳಿದವು, ಶೇ. 40ನ್ನು ಪೊಲೀಸ್ ಮತ್ತು ಗುಪ್ತಚರ ಕೆಲಸ ಮುಗಿಸಿತು. ಸೈನ್ಯದ ಬಲದಿಂದ ಮುಗಿದವು ಶೇ. 7 ಮಾತ್ರ.

ಉತ್ತರ ಐರ್ಲೆಂಡಿನಲ್ಲಿ ಒಪ್ಪಂದವಾದ ನಾಲ್ಕೇ ತಿಂಗಳಿಗೆ, 1998ರ ಆಗಸ್ಟ್ 15ರಂದು, ಅದನ್ನು ಒಪ್ಪದ ‘ರಿಯಲ್ ಐಆರ್‌ಎ’ ಒಮಾ ಪಟ್ಟಣದ ಪೇಟೆಯಲ್ಲಿ ಬಾಂಬಿಟ್ಟು 29 ಜನರನ್ನು ಕೊಂದಿತು. ಕಾನೂನನ್ನು ಬಿಗಿ ಮಾಡಿದರೂ 1971ರ ಹಾಗೆ ಕೇರಿಗಳಿಗೆ ಸೈನ್ಯ ನುಗ್ಗಲಿಲ್ಲ. ಜನರ ಸಿಟ್ಟು ತಿರುಗಿದ್ದು ಬಾಂಬಿಟ್ಟವರ ಮೇಲೆಯೇ, ಹಳೆಯ ಬೆಂಬಲಿಗರ ನಡುವೆಯೂ. ವಾರಗಳೊಳಗೆ ಆ ಗುಂಪು ಕದನವಿರಾಮ ಘೋಷಿಸಿತು. ಮುಂದೆ ಅದು ಮತ್ತೆ ತಲೆಯೆತ್ತಿತು, ಆದರೆ ಹಳೆಯ ಐಆರ್‌ಎಗಿದ್ದ ಬೆಂಬಲ ಅದಕ್ಕೆಂದೂ ಸಿಗಲಿಲ್ಲ.