ನಮ್ಮ ಮಕ್ಕಳಿಗೆ ನಕ್ಷತ್ರಗಳ ಪಾಠ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಯನಾಡನ್ನು ಹಳೆಯ ಶಾಸನಗಳು ಬಯಲ್ನಾಡು ಎಂದು ಕರೆದಿವೆ. ಕನ್ನಡ ನಾಡಿಗೂ ಮಲೆಯಾಳ ನಾಡಿಗೂ ನಡುವಣ ಈ ಎತ್ತರದ ನೆಲದಲ್ಲಿ ಒಂದೇ ಮನೆಯೊಳಗೆ ಎರಡು ಮೂರು ಭಾಷೆಗಳು ಸುಳಿದಾಡುವುದು ಹೊಸತಲ್ಲ. ಶುಂಠಿಯ ಬೇಸಾಯಕ್ಕೆಂದು ಇಲ್ಲಿಯ ಕುಟುಂಬಗಳು ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳಿಗೆ ಹೋಗಿಬರುತ್ತಿರುವುದೂ ಉಂಟು. ಮನೆಯಲ್ಲಿ ಮಲೆಯಾಳ, ಮದ್ರಸದಲ್ಲಿ ಅರಬ್ಬಿ, ಶಾಲೆಯಲ್ಲಿ ಕನ್ನಡ, ಹೀಗೆ ದಿನಕ್ಕೆ ಮೂರು ಹೊಸ್ತಿಲುಗಳನ್ನು ದಾಟುವ ಮುಸಲ್ಮಾನ ಮಕ್ಕಳನ್ನು ಗಡಿಯ ಎರಡು ಕಡೆಗಳಲ್ಲಿಯೂ ಕಾಣುತ್ತೇವೆ. ಇಂದು ನಾನು ಮಾತನಾಡಬೇಕೆಂದಿರುವುದು ಅಂತಹ ಮಗುವಿಗೆ ನಕ್ಷತ್ರಗಳನ್ನು ಮನೆಯಲ್ಲಿ ಪರಿಚಯಿಸುವ ಬಗೆಯನ್ನು ಕುರಿತು.

ಆ ಮಗುವಿನ ಒಂದು ದಿನವನ್ನು ನೋಡಿ. ಬೆಳಗಿನ ಜಾವ ಮದ್ರಸದಲ್ಲಿ ಅದು ‘ಬುರೂಜ್’, ‘ತಾರಿಕ್’ ಎಂಬ ಅಧ್ಯಾಯಗಳನ್ನು ಕಂಠಪಾಠ ಮಾಡುತ್ತದೆ. ಮೊದಲನೆಯದರ ಹೆಸರು ಆಕಾಶದ ರಾಶಿಗಳನ್ನು, ಎರಡನೆಯದರ ಹೆಸರು ಇರುಳಿನಲ್ಲಿ ಬರುವ ತಾರೆಯನ್ನು ಸೂಚಿಸುವುದು. ಅನಂತರ ಶಾಲೆಗೆ ಬಂದರೆ, ನಕ್ಷತ್ರವೆಂದರೆ ತನ್ನದೇ ಬೆಳಕುಳ್ಳ, ಕಾದ ಅನಿಲದ ಮಹಾಗೋಳವೆಂದು ಮೇಷ್ಟರು ಬರೆಸುತ್ತಾರೆ. ಸಂಜೆ ಮನೆಯಲ್ಲಿ ಅಜ್ಜನು, ತಿರುವಾದಿರ ಞಾಟ್ಟುವೇಲದ ಮಳೆಯಲ್ಲಿಯೇ ಮೆಣಸಿನ ಬಳ್ಳಿಯನ್ನು ನೆಡಬೇಕು ಎನ್ನುತ್ತಾನೆ. ಮೂವರೂ ನಕ್ಷತ್ರದ ಮಾತನ್ನೇ ಆಡಿದರು. ಆದರೆ ಅದು ಒಂದೇ ಆಕಾಶವೆಂದು ಮಗುವಿಗೆ ಹೇಳಿದವರಿಲ್ಲ. ಒಂದು ದಿನ ಅದು ಕೇಳುತ್ತದೆ: “ಉಮ್ಮಾ, ಉಸ್ತಾದರು ಹೇಳಿದ್ದು ಸರಿಯೋ, ಮೇಷ್ಟರು ಹೇಳಿದ್ದು ಸರಿಯೋ?” “ಸುಮ್ಮನೆ ಓದಿಕೋ” ಎಂಬುದೇ ಉತ್ತರವಾದರೆ ಮಗು ಕೇಳುವುದನ್ನು ಬಿಡುತ್ತದೆ; ಇಲ್ಲವೆ, ಎರಡರಲ್ಲೊಂದನ್ನು ಮನಸ್ಸಿನೊಳಗೇ ಬಿಟ್ಟುಬಿಡುತ್ತದೆ. ಈ ನಷ್ಟವು ಪರೀಕ್ಷೆಯ ಅಂಕಗಳಲ್ಲಿ ಕಾಣುವಂತಹದಲ್ಲ.

ಇದಕ್ಕೆ ಮದ್ದು ಮನೆಯಲ್ಲಿಯೇ ಇದೆ; ಗಡಿಯಾರವೂ ಗೊತ್ತಾಗಿದೆ. ಮಗ್ರಿಬ್ ನಮಾಜು ಮುಗಿದು ಇಶಾ ಬರುವತನಕ ಒಂದು ಗಂಟೆಗೂ ಮೇಲ್ಪಟ್ಟು ಬಿಡುವಿರುತ್ತದೆ. ಪಡುವಣದ ಕೆಂಪು ಮಾಸುತ್ತ ನಕ್ಷತ್ರಗಳು ಒಂದೊಂದಾಗಿ ಮೂಡುವ ಹೊತ್ತೂ ಅದೇ. ಡಿಸೆಂಬರಿನಿಂದ ಮಾರ್ಚಿಯವರೆಗೆ ವಯನಾಡಿನ ಆಕಾಶವು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಕಾಡಂಚಿನ ಮನೆಯವರು ಮಾತ್ರ ಅಂಗಳ ಬಿಟ್ಟು ಕದಲಬಾರದು. ಆನೆಗೆ ಖಗೋಳಶಾಸ್ತ್ರದಲ್ಲಿ ಆಸಕ್ತಿಯಿಲ್ಲ.

ಮೊದಲ ಪಾಠ ಹೆಸರುಗಳದ್ದಾಗಲಿ. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಸುರಯ್ಯಾ ಎಂಬ ಹುಡುಗಿ ಇರಬಹುದು. ಜನವರಿಯ ಸಂಜೆ ನೆತ್ತಿಯ ಬಳಿ ಗೊಂಚಲಾಗಿ ಮಿನುಗುವ ಕೃತ್ತಿಕೆಯೇ ಅರಬ್ಬಿಯ ಸುರಯ್ಯಾ. ಅದರ ಹಿಂದೆಯೇ ಬರುವ ಕೆಂಪು ತಾರೆ ನಮಗೆ ರೋಹಿಣಿ. ಅರಬರಿಗೆ ಅಲ್ ದಬರಾನ್, ಎಂದರೆ ಹಿಂಬಾಲಿಸುವವನು. ಚಂದ್ರನ ದಾರಿಯನ್ನು ನಮ್ಮವರು ಇಪ್ಪತ್ತೇಳು ನಕ್ಷತ್ರಗಳಾಗಿ ಎಣಿಸಿದರೆ ಅರಬರು ಇಪ್ಪತ್ತೆಂಟು ಬಿಡಾರಗಳಾಗಿ ಎಣಿಸಿದರು. ಆದರೂ ಅಶ್ವಿನಿಯಿಂದ ಹೊರಟರೆ ಕೃತ್ತಿಕೆ ಮೂರನೆಯದು, ರೋಹಿಣಿ ನಾಲ್ಕನೆಯದು. ಅವರ ಪಟ್ಟಿಯಲ್ಲಿಯೂ ಸುರಯ್ಯಾ ಮೂರನೆಯದು, ದಬರಾನ್ ನಾಲ್ಕನೆಯದು. ಸುಹೇಲನೆಂಬ ಹುಡುಗನಿಗೆ ಅವನ ನಕ್ಷತ್ರವನ್ನು ತೋರಿಸಬೇಕಾದರೆ ಫೆಬ್ರವರಿಯವರೆಗೆ ಕಾಯಬೇಕು. ಆಗ ಇಶಾದ ಹೊತ್ತಿಗೆ ದಕ್ಷಿಣದಲ್ಲಿ, ದಿಗಂತದಿಂದ ಸ್ವಲ್ಪವೇ ಮೇಲೆ, ಬಿಳಿಯದೊಂದು ದೊಡ್ಡ ತಾರೆ ಕಾಣುವುದು. ಅದು ನಮ್ಮ ಅಗಸ್ತ್ಯ. ಇರುಳಿನ ತಾರೆಗಳಲ್ಲಿ ಅದಕ್ಕಿಂತ ಹೆಚ್ಚು ಬೆಳಗುವುದು ಲುಬ್ಧಕವೊಂದೇ. ಆ ಲುಬ್ಧಕಕ್ಕೆ ಅರಬ್ಬಿಯಲ್ಲಿ ಶಿಅರಾ ಎಂದು ಹೆಸರು. ಕುರ್‌ಆನಿನ ‘ನಜ್ಮ್’ ಅಧ್ಯಾಯದಲ್ಲಿ ಈ ಹೆಸರು ಬಂದಿದೆ. ನಜ್ಮ್ ಎಂದರೂ ನಕ್ಷತ್ರವೇ. ನಜ್ಮಾ ಎಂಬ ಹುಡುಗಿಯರಿಗೆ ಇದನ್ನು ಹೇಳಲು ಮರೆಯಬೇಡಿ.

ಹೆಸರು ಬಾಯಲ್ಲಿದ್ದರೆ ಸಾಲದು, ಬೆರಳು ಆಕಾಶಕ್ಕೆ ಏಳಬೇಕು. ಸಾವಿರ ವರ್ಷಗಳ ಹಿಂದೆ ನಮ್ಮ ದೇಶಕ್ಕೆ ಬಂದು ಸಂಸ್ಕೃತವನ್ನು ಕಲಿತು, 1030ರ ಸುಮಾರಿಗೆ ಭಾರತವನ್ನು ಕುರಿತು ದೊಡ್ಡ ಗ್ರಂಥ ಬರೆದ ಅಲ್‌ಬಿರೂನಿಯು ಒಂದು ಕಡೆ ನೊಂದು ಹೇಳುತ್ತಾನೆ: ಚಂದ್ರನ ನಕ್ಷತ್ರಗಳನ್ನು ಬೆರಳಿನಿಂದ ತೋರಿಸಬಲ್ಲ ಒಬ್ಬ ಪಂಡಿತನೂ ತನಗೆ ಸಿಗಲಿಲ್ಲವೆಂದು. ಇಂದು ಅವನು ಬಂದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತೀರ್ಣರಾದೇವು? ಅವನಿಗಿಂತ ಹಿಂದಿನ ಅಲ್ ಸೂಫಿಯು ಹಳೆಯ ಯವನ ಗ್ರಂಥವನ್ನು ಹಾಗೆಯೇ ನಕಲು ಮಾಡದೆ, ನಕ್ಷತ್ರಗಳ ಕಾಂತಿಯನ್ನು ತಾನೇ ಕಣ್ಣಾರೆ ನೋಡಿ ತಿದ್ದಿ, 964ರಲ್ಲಿ ಚಿತ್ರಗಳ ಸಮೇತ ತನ್ನ ಗ್ರಂಥವನ್ನು ರಚಿಸಿದನು.

ಎರಡನೆಯದು ಲೆಕ್ಕ. ತೋಳನ್ನು ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು ಹತ್ತು ಅಂಶಗಳನ್ನು ಮರೆಮಾಡುತ್ತದೆ. ಮಗುವಿನ ಮುಷ್ಟಿ ಚಿಕ್ಕದಾದರೂ ತೋಳೂ ಚಿಕ್ಕದಾದುದರಿಂದ ಲೆಕ್ಕ ತಪ್ಪುವುದಿಲ್ಲ. ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆ ಊರಿನ ಅಕ್ಷಾಂಶ. ಸುಲ್ತಾನ್ ಬತ್ತೇರಿಯಲ್ಲಿ ಅದು ಹನ್ನೊಂದೂವರೆ ಅಂಶಕ್ಕೆ ತುಸು ಮೇಲೆ, ಎಂದರೆ ಒಂದು ಮುಷ್ಟಿಗೆ ಸ್ವಲ್ಪ ಹೆಚ್ಚು. ಮಕ್ಕಾ ನಗರದಲ್ಲಿ ಇಪ್ಪತ್ತೊಂದೂವರೆ, ಎಂದರೆ ಎರಡು ಮುಷ್ಟಿ. ಹಾಗಾದರೆ ದಕ್ಷಿಣದ ಸುಹೇಲನ ಗತಿಯೇನು? ಇಲ್ಲಿ ಅವನು ಎರಡೂವರೆ ಮುಷ್ಟಿಗಳಷ್ಟು ಏರುತ್ತಾನೆ, ಮಕ್ಕಾದಲ್ಲಿ ಒಂದೂವರೆಯಷ್ಟೇ. ಲಂಡನ್ನಿನಲ್ಲಿ ಏಳುವುದೇ ಇಲ್ಲ. ಭೂಮಿಯು ಗುಂಡಗಿದೆಯೆಂಬುದಕ್ಕೆ ಇದಕ್ಕಿಂತ ಅಗ್ಗದ ಪ್ರಮಾಣವನ್ನು ನಾನು ಕಾಣೆ.

ಇದೇ ಮುಷ್ಟಿಯಿಂದ ಕಿಬ್ಲಾದ ದಿಕ್ಕನ್ನೂ ಅಳೆಯಬಹುದು. ‘ಕಿಬ್ಲಾ ಪಡುವಣಕ್ಕೆ’ ಎಂದು ನಾವು ವಾಡಿಕೆಯಲ್ಲಿ ಹೇಳುತ್ತೇವೆ. ಧ್ರುವನಿಗೆ ಎದುರಾಗಿ ನಿಂತು ಎಡಗೈ ಚಾಚಿದರೆ ಅದು ಪಶ್ಚಿಮ. ಅಲ್ಲಿಂದ ಉತ್ತರದ ಕಡೆಗೆ ಎರಡು ಮುಷ್ಟಿಗಳನ್ನು ಅಳೆದರೆ ವಯನಾಡಿನಿಂದ ಕಾಬಾ ಇರುವ ದಿಕ್ಕು ಸಿಕ್ಕಿತು. ಉತ್ತರದಲ್ಲಿ ಗುಡ್ಡವೋ ಮರವೋ ಅಡ್ಡವಾಗಿ ಧ್ರುವನು ಕಾಣದಿದ್ದರೆ ಹಗಲಿನಲ್ಲಿ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟು, ನಡುಹಗಲಿಗೆ ಮುಂಚೆ ಒಂದು ನೆರಳಿನ ತುದಿಯನ್ನೂ, ಅನಂತರ ಅಷ್ಟೇ ಉದ್ದವಾದ ಇನ್ನೊಂದು ನೆರಳಿನ ತುದಿಯನ್ನೂ ಗುರುತಿಸಿರಿ; ಎರಡನ್ನೂ ಸೇರಿಸುವ ಗೆರೆಯೇ ಪೂರ್ವಪಶ್ಚಿಮ. ಇನ್ನೊಂದು ಸೊಗಸಾದ ಉಪಾಯವುಂಟು. ಮೇ 28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಸುಮಾರು 2 ಗಂಟೆ 48 ನಿಮಿಷಕ್ಕೆ ಸೂರ್ಯನು ಕಾಬಾದ ನೆತ್ತಿಯ ಮೇಲಿರುತ್ತಾನೆ; ಆ ಕ್ಷಣ ಸೂರ್ಯನಿರುವ ಕಡೆಯೇ ಕಿಬ್ಲಾ. ಜುಲೈ 16ರ ಸುಮಾರಿಗೂ ಹಾಗೆಯೇ, ಆದರೆ ಜುಲೈ ತಿಂಗಳ ವಯನಾಡಿನಲ್ಲಿ ಸೂರ್ಯನನ್ನು ನಂಬಿ ಕೂರುವಂತಿಲ್ಲ.

ಚಾಂದ್ರಮಾನದ ಲೆಕ್ಕವನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಇಪ್ಪತ್ತೊಂಬತ್ತೂವರೆಯನ್ನು ಹನ್ನೆರಡರಿಂದ ಗುಣಿಸಿದರೆ 354. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆದುದರಿಂದಲೇ ರಂಜಾನು ಮಳೆಗೂ ಬಿಸಿಲಿಗೂ ಸರಿಯುತ್ತಿರುವುದು. ಅಧಿಕಮಾಸವನ್ನು ಸೇರಿಸುವುದರಿಂದ ಯುಗಾದಿ ಹಾಗೆ ಸರಿಯದು.

ಬೆಳಕಿನ ಲೆಕ್ಕ ಇನ್ನೂ ಹೃದ್ಯವಾದುದು. ಲುಬ್ಧಕದ ಬೆಳಕು ನಮ್ಮನ್ನು ಮುಟ್ಟಲು ಎಂಟೂವರೆ ವರ್ಷಗಳಿಗೆ ಸ್ವಲ್ಪ ಮೇಲೆ ಬೇಕು. ಮೂರನೆಯ ತರಗತಿಯ ಮಗು ಇಂದು ಕಾಣುವುದು ತಾನು ಹುಟ್ಟಿದ ಸುಮಾರಿಗೆ ಹೊರಟ ಬೆಳಕನ್ನು. ರೋಹಿಣಿಯದಕ್ಕೆ ಸುಮಾರು 65 ವರ್ಷ. ಅದು ಅಜ್ಜನ ಬಾಲ್ಯದ ಬೆಳಕು.

ಅಜ್ಜನ ತಿರುವಾದಿರಕ್ಕೆ ಬರೋಣ. ಅದು ನಮ್ಮ ಆರಿದ್ರಾ ಮಳೆಯೇ. ಜೂನ್ ತಿಂಗಳ ಕೊನೆಯ ವಾರ ಮೊದಲಾಗಿ ಸುಮಾರು ಎರಡು ವಾರ ಸೂರ್ಯನು ಆರ್ದ್ರಾ ನಕ್ಷತ್ರದಲ್ಲಿರುತ್ತಾನೆ. ಮಳೆ ಬಿಡದೆ ಸುರಿಯುವ ಆ ಹೊತ್ತಿನಲ್ಲಿ ಮೆಣಸಿನ ಬಳ್ಳಿ ಬೇರೂರುತ್ತದೆಂದು ಒಕ್ಕಲಿನವರು ಬಲ್ಲರು. ಇದರಲ್ಲಿ ಹಿಂದು ಮುಸಲ್ಮಾನ ಕ್ರೈಸ್ತರೆಂಬ ಭೇದವಿಲ್ಲ. ಆದರೆ ಮಗುವನ್ನು ಕೇಳಿರಿ: ಆ ದಿನಗಳಲ್ಲಿ ಆರ್ದ್ರೆಯನ್ನು ನೋಡಲಾದೀತೆ? ಆಗದು; ಅದು ಸೂರ್ಯನ ಜೊತೆಯಲ್ಲಿಯೇ ಹುಟ್ಟಿ ಮುಳುಗುತ್ತದೆ. ಕಾಣಬೇಕಾದರೆ ಆರೇಳು ತಿಂಗಳು ಕಾದು ಚಳಿಯ ಸಂಜೆಯಲ್ಲಿ ನೋಡಬೇಕು. ಮಳೆಗಾಲದಲ್ಲಿ ಬೇಕಾದರೆ ರಟ್ಟಿನ ಪೆಟ್ಟಿಗೆಗೆ ಸೂಜಿಯಿಂದ ತೂತುಗಳನ್ನು ಚುಚ್ಚಿ, ಒಳಗೆ ಟಾರ್ಚನ್ನಿಟ್ಟು ಕತ್ತಲ ಕೋಣೆಯ ಗೋಡೆಯ ಮೇಲೆ ಕೃತ್ತಿಕೆಯನ್ನೂ ಸಪ್ತರ್ಷಿಗಳನ್ನೂ ಮೂಡಿಸಬಹುದು.

ಇನ್ನು ಆ ಕಷ್ಟದ ಪ್ರಶ್ನೆ: ಯಾರು ಹೇಳಿದ್ದು ಸರಿ? ಇತ್ತೀಚೆಗೆ ಎಲ್ಲ ಮತಗಳವರಲ್ಲಿಯೂ ಒಂದು ಚಟ ಬೆಳೆದಿದೆ. ವಿಜ್ಞಾನಿಗಳು ಏನನ್ನಾದರೂ ಕಂಡುಹಿಡಿದೊಡನೆ ‘ಇದು ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು’ ಎಂದು ಸಾರುವುದು. ಇದು ಗ್ರಂಥಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ವಿಜ್ಞಾನವು ನಾಳೆ ತನ್ನ ಮಾತನ್ನು ತಿದ್ದಿಕೊಂಡರೆ ಮಗು ಏನು ಮಾಡಬೇಕು? ನೆಲದ ಮೇಲೂ ಕಡಲಿನ ಮೇಲೂ ಕತ್ತಲಲ್ಲಿ ದಾರಿ ಕಾಣಲೆಂದು ನಕ್ಷತ್ರಗಳಿವೆ ಎಂದು ಕುರ್‌ಆನ್ ಹೇಳುತ್ತದೆ. ಅವು ಹೇಗೆ ಉರಿಯುತ್ತವೆ, ಎಷ್ಟು ದೂರದಲ್ಲಿವೆ ಎಂಬುದನ್ನು ಅಳೆದು ತಿಳಿಯುವುದು ಶಾಲೆಯ ಕೆಲಸ. ಉಸ್ತಾದರ ಮಾತು ಒಂದು ಪ್ರಶ್ನೆಗೆ ಉತ್ತರ, ಮೇಷ್ಟರದು ಇನ್ನೊಂದಕ್ಕೆ. ತಾಯಿ ಇಷ್ಟನ್ನು ನಿರ್ಭಯವಾಗಿ ಹೇಳಬಹುದು; ಅವಳು ಹೆಚ್ಚು ಓದಿರಬೇಕಾಗಿಲ್ಲ.

632ರಲ್ಲಿ ಪ್ರವಾದಿಯವರ ಎಳೆಯ ಮಗ ಇಬ್ರಾಹೀಮನು ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಜನರು ಆ ಸಾವಿಗಾಗಿಯೇ ಸೂರ್ಯನು ಕಪ್ಪಾದನೆಂದರು. ಮಗನನ್ನು ಕಳೆದುಕೊಂಡಿದ್ದ ತಂದೆ ಅದನ್ನು ಒಪ್ಪಲಿಲ್ಲ. ಸೂರ್ಯಚಂದ್ರರು ದೇವರ ಕುರುಹುಗಳು, ಯಾರೊಬ್ಬರ ಹುಟ್ಟುಸಾವುಗಳಿಗಾಗಿಯೂ ಅವರಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಹೇಳಿ ಪ್ರಾರ್ಥನೆಗೆ ನಿಂತರು. ಮಗುವಿಗೆ ಈ ಪ್ರಸಂಗವನ್ನು ಹೇಳಿದ ಮೇಲೆ ಗ್ರಹಣದ ಚಿತ್ರವನ್ನು ಬರೆಯಿಸಿರಿ, ನಡುವೆ ಚಂದ್ರ, ಈಚೆಗೆ ಭೂಮಿ.

2019ರ ಡಿಸೆಂಬರ್ 26ರಂದು ಕಂಕಣ ಗ್ರಹಣದ ದಾರಿಯು ಕಾಸರಗೋಡು, ವಯನಾಡುಗಳ ಮೇಲೆಯೇ ಹಾದುಹೋಯಿತು. 2027ರ ಆಗಸ್ಟ್ 2ರಂದು ಮಕ್ಕಾದಲ್ಲಿ ಪೂರ್ಣ ಸೂರ್ಯಗ್ರಹಣವಿದೆ. ಅದೇ ದಿನ ಸಂಜೆ, ಮೋಡ ದಾರಿ ಕೊಟ್ಟರೆ, ನಮಗೂ ಅದು ಭಾಗಶಃ ಕಾಣುವುದು. ಬರಿಗಣ್ಣಿನಿಂದ ಯಾರೂ ಸೂರ್ಯನನ್ನು ನೋಡಬಾರದು. ಆ ದಿನಕ್ಕೆ ಮುಂಚಿತವಾಗಿ, ಮಕ್ಕಳಿಗೂ ಅವರ ತಾಯಂದಿರಿಗೂ ಸಾಲುವಷ್ಟು ಗ್ರಹಣದ ಕನ್ನಡಕಗಳನ್ನು ತರಿಸಿಡಬೇಕೆಂದು ಸಂಘದವರನ್ನು ಈಗಲೇ ಕೇಳಿಕೊಳ್ಳುತ್ತೇನೆ.