ನಮ್ಮ ಬಿಸಿಲು, ನಮ್ಮ ಥಂಡಿ



ಸುವರ್ಣ ಮಹೋತ್ಸವದಲ್ಲಿ ಮಾತಾಡು ಅಂದರೆ ಹಳೆಯ ನೆನಪು ಹೇಳುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬಹಳ ಮಂದಿ ಇದ್ದಾರೆ. ನಾನು ಬೇಸಿಗೆ ಮತ್ತು ಥಂಡಿಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಬೆಂಗಳೂರಿನಲ್ಲಿ ನಾನು ಬೀದರ ಜಿಲ್ಲೆಯವನು ಅಂದರೆ ಸಾಕು, "ಅಬ್ಬಾ, ಆ ಬಿಸಿಲು!" ಅನ್ನುತ್ತಾರೆ. ರಾಜ್ಯದಲ್ಲಿ ಹೆಚ್ಚು ಚಳಿ ಬೀಳುವ ಜಿಲ್ಲೆಗಳಲ್ಲೂ ನಮ್ಮದು ಒಂದು ಎಂಬುದು ಅವರಿಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಇದೇ ಸೀಮೆಯಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಗುಗಳು 10 ಡಿಗ್ರಿಗಿಂತ ಕೆಳಗೆ ಇಳಿಯುತ್ತವೆ. ಹಾಗಾಗಿ ಯಾವುದು ಮೇಲು ಎಂದು ಹೇಳುವ ಹಕ್ಕು ನಮಗಿದೆ.

ನನ್ನ ಮತ ಥಂಡಿಗೆ. ಥಂಡಿಯಾದರೆ ಇನ್ನೊಂದು ಕೌದಿ ಹೊದೆಯಬಹುದು. ಧಗೆಗೆ ಅಂಗಿ ಕಳಚಿದ ಮೇಲೆ ಇನ್ನೇನು ಕಳಚುವುದು? ನಮ್ಮ ಬಿಳಿಜೋಳ, ಕಡಲೆ ಎರಡೂ ಕರಿ ಮಣ್ಣು ಹಿಡಿದಿಟ್ಟ ಹಸಿಯಲ್ಲಿ, ಥಂಡಿಯಲ್ಲಿ ಬರುವ ಬೆಳೆಗಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ, ರೊಟ್ಟಿ ಉಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮಾವಿನಹಣ್ಣಿನ ಪಕ್ಷದವರು ಸಿಟ್ಟಾಗಬಾರದು.

ನನ್ನ ಕಸುಬಿನ ಯಂತ್ರಗಳಿಗೂ ಥಂಡಿಯೇ ಇಷ್ಟ. ಕಂಪ್ಯೂಟರು ದುಡಿದಷ್ಟೂ ಬಿಸಿಯಾಗುತ್ತದೆ. ಫೇಸ್‌ಬುಕ್ಕಿನವರು 2013ರಲ್ಲಿ ಸ್ವೀಡನ್ ದೇಶದ ಲೂಲಿಯೊ ಎಂಬಲ್ಲಿ, ಉತ್ತರ ಧ್ರುವ ವೃತ್ತಕ್ಕೆ ಹತ್ತಿರ, ಒಂದು ಡೇಟಾ ಸೆಂಟರ್ ತೆರೆದರು. ಹೊರಗಿನ ಚಳಿಗಾಳಿಯನ್ನೇ ಒಳಗೆ ಬಿಟ್ಟು ಯಂತ್ರಗಳನ್ನು ತಂಪಾಗಿಡುತ್ತಾರೆ. ಇನ್ನು ನಾನು ಮೇ ತಿಂಗಳಲ್ಲಿ ಆಫೀಸಿನ ಎಸಿಗೆ ಸ್ವೆಟರ್ ಹಾಕಿ ಕೂತಿರುತ್ತೇನೆ. ಅದೇ ಹೊತ್ತಿಗೆ ಅವ್ವ ಫೋನು ಮಾಡಿ, ಇಲ್ಲಿ ಕರೆಂಟು ಹೋಗಿದೆ ಅನ್ನುತ್ತಾಳೆ.

ಥಂಡಿ ಚಲೋ ಅನ್ನುವುದು ಒಳಗೆ ಕೂತವರ ಮಾತು ಎಂದು ನಮ್ಮಪ್ಪ ಅನ್ನುತ್ತಾರೆ. ಅದೂ ಖರೆ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಎರಡು ಗಂಟೆಗೆ ಎದ್ದು, ಕಬ್ಬಿಗೆ ನೀರು ಬಿಡುತ್ತ ಕೆಸರಿನಲ್ಲಿ ನಿಲ್ಲುವವರಿಗೆ ಜನವರಿ ಹಬ್ಬವಲ್ಲ. ಕಬ್ಬು ಕಡಿಯಲು ಬಂದವರ ಗುಡಿಸಲಲ್ಲಿ ಮಲಗುವ ಕೂಸುಗಳಿಗಂತೂ ಅಲ್ಲವೇ ಅಲ್ಲ.

ಆದರೂ ಶಾಲೆಯ ಮಟ್ಟಿಗೆ ನನ್ನ ಮತ ಬದಲಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುತ್ತಾರೆ. ಅಂದರೆ ಈ ಬಿಸಿಲು ಬೇರೆಯದು ಎಂದು ಸರಕಾರಕ್ಕೂ ಗೊತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾತ್ರ ಬೆಂಗಳೂರಿನ ಹುಡುಗನಿಗೂ ದುಬಲಗುಂಡಿಯ ಹುಡುಗಿಗೂ ಒಂದೇ ದಿನ, ಬೇಸಿಗೆಯ ಬಾಗಿಲಲ್ಲಿ. ಪ್ರಶ್ನೆಪತ್ರಿಕೆ ಒಂದೇ, ಓದುವ ಕೋಣೆಯ ಧಗೆ ಒಂದೇ ಅಲ್ಲ. ಅಮೆರಿಕದಲ್ಲಿ ಪಾರ್ಕ್, ಗುಡ್‌ಮನ್ ಮತ್ತಿತರರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಸಿ ಇಲ್ಲದ ಶಾಲೆಗಳಲ್ಲಿ ವರ್ಷದ ತಾಪ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ, ಆ ವರ್ಷದ ಕಲಿಕೆ ಸುಮಾರು ಶೇ. 1ರಷ್ಟು ಇಳಿಯುತ್ತದೆಯಂತೆ. ನಮ್ಮ ಭಾಗದ ಫಲಿತಾಂಶಕ್ಕೆ ಬಿಸಿಲೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಮಕ್ಕಳನ್ನೂ ಗುರುಗಳನ್ನೂ ಬೈಯುವ ಮುಂಚೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಅನ್ನುತ್ತೇನೆ.

ಶಾಲೆಗೆ ಎಸಿ ಕೂಡಿಸೋಣ ಅಂದರೆ ಬಿಲ್ಲು ಕಟ್ಟುವವರು ಯಾರು? ಸುಣ್ಣ ಸಾಕು. ಫೆಬ್ರುವರಿಯಲ್ಲಿ ಮಾಳಿಗೆಗೆ ಬಿಳಿ ಬಳಿದರೆ ಬಿಸಿಲು ಹಿಂದಕ್ಕೆ ಹೋಗುತ್ತದೆ, ಕೆಳಗಿನ ಕೋಣೆ ತಂಪಾಗುತ್ತದೆ. ನೆರೆಯ ತೆಲಂಗಾಣ ಸರಕಾರ 2023ರಲ್ಲಿ ಇಂಥ ತಂಪು ಮಾಳಿಗೆಗಳಿಗೆಂದೇ ಒಂದು ನೀತಿ ತಂದಿದೆ. ಸುಣ್ಣದ ಖರ್ಚು ನಮ್ಮ ಬ್ಯಾಚಿನದು. ಮಳೆ ಬಿದ್ದ ಮೇಲೆ ಪಡುವಣ ಗೋಡೆಯ ಕಡೆ ಬೇವಿನ ಸಸಿ ಹಚ್ಚೋಣ. ಮೊದಲ ಎರಡು ಬೇಸಿಗೆ ಅವುಗಳಿಗೆ ನೀರು ಹಾಕುವವರು ಊರವರೇ ಆಗಬೇಕು, ಬೆಂಗಳೂರಿನಿಂದ ನಾನು ಕೊಡ ಹೊತ್ತು ಬರಲಾರೆ. ಒಬ್ಬೊಬ್ಬರು ಒಂದೊಂದು ಸಸಿ ವಹಿಸಿಕೊಳ್ಳುವುದಾದರೆ ಊಟದ ಹೊತ್ತಿಗೆ ನನ್ನ ಬಳಿ ಹೆಸರು ಬರೆಸಿ. ವಹಿ ತಂದಿದ್ದೇನೆ.